ಚಿಕ್ಕಮ್ಮನ ಎಡಗೆನ್ನೆಯ ಗಂಟು

ನಮ್ಮ ಚಿಕ್ಕಮ್ಮನಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಮಂಗನಬಾವು ಬಂದಿತ್ತು! ಹಾಗೆಂದು ಜಯನಗರದ ಅವರ ಬೀದಿ ಇಂದಿಗೂ ನಂಬಿದೆ. ನಿಜ ಗೊತ್ತಿರುವುದು ನನಗೆ, ಚಿಕ್ಕಮ್ಮನಿಗೆ ಮತ್ತು ಅವರ ಕೆನ್ನೆ ತುಂಬಿಕೊಳ್ಳಲೆಂದು ಫಿಲ್ಲರ್ ಇಂಜೆಕ್ಷನ್ ಚುಚ್ಚಿದ ಡಾಕ್ಟರಮ್ಮನಿಗೆ. ಈಗ ನಿಮಗೂ ಗೊತ್ತಾಯಿತು, ದಯವಿಟ್ಟು ಬಾಯಿ ಬಿಡಬೇಡಿ.

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಈ ಹೆಂಗಸು ಪೌಡರು ಹಚ್ಚಿದ್ದನ್ನೇ ನಾನು ಕಂಡಿಲ್ಲ. ಅಂಥವರು ಚರ್ಮದ ಕ್ಲಿನಿಕ್ಕಿಗೆ ಹೋಗಿ, ಪರ್ಸಿನಿಂದ ಹಳೆಯ ಫೋಟೋ ತೆಗೆದು, "ಈ ಕೆನ್ನೆ ಬೇಕು" ಎಂದರಂತೆ.

"ಮೇಡಂ, ಇದು ಎರಡು ಜಡೆ ಹಾಕ್ಕೊಂಡಿರೋ ಮಗು!"

"ನಾನೇ ಅದು. ಎಷ್ಟಾಗುತ್ತೋ ಅಷ್ಟು ಮಾಡಿ."

ಕಾರಣ ನಮ್ಮಜ್ಜಿ. ವಿಲ್ಸನ್ ಗಾರ್ಡನ್ನಿನ ಸೋದರಮಾವನ ಮನೆಯಲ್ಲಿರುವ ಅಜ್ಜಿಗೆ ಮರೆವು. ಪ್ರತಿ ಭಾನುವಾರ ಎದುರು ಬಂದು ಕೂತ ಮಗಳಿಗೆ, "ನೀವು ಯಾರಮ್ಮಾ? ಕೂತಿರಿ, ನನ್ನ ಮಗಳು ಬರ್ತಾಳೆ. ಗುಂಡು ಕೆನ್ನೆ ಅವಳದು, ತುತ್ತು ನುಂಗೋದೇ ಇಲ್ಲ" ಎನ್ನುತ್ತಿದ್ದರು. ಹೆತ್ತ ತಾಯಿ 'ನೀವು' ಎಂದರೆ ಕರುಳಿಗೆ ಹೇಗಾಗಬೇಡ! ಚಿಕ್ಕಮ್ಮ ಅಳಲಿಲ್ಲ. ಲೆಕ್ಕದಲ್ಲಿ ಏನು ಕಡಿಮೆ ಬಿದ್ದಿದೆ ಎಂದು ನೋಡಿದರು. ಕೆನ್ನೆ!

ಚುಚ್ಚಿಸಿಕೊಂಡ ಮರುದಿನ ಫೋನು ಬಂತು. "ಬಾರೇ, ಉತ್ತರ ತಪ್ಪು ಬಂದಿದೆ." ಹೋಗಿ ನೋಡಿದರೆ ಕಣ್ಣನ್ನು ಹುಡುಕಬೇಕು, ಅಷ್ಟು ಊತ! ಹೊಲಿಗೆ ಟೇಪು ಹಿಡಿದು ಕನ್ನಡಿಯ ಮುಂದೆ ನಿಂತಿದ್ದರು. "ಎಡಗಡೆ ಜಾಸ್ತಿ ಕಣೇ, ಸಮ ಬರ್ತಿಲ್ಲ." ಊತ ಒಂದೆರಡು ವಾರದಲ್ಲಿ ಇಳಿಯುತ್ತದೆ, ತಿಕ್ಕಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ಆಂಟಿ ಕರಿಬೇವು ಕೇಳಲು ಬಂದರು. "ಅಯ್ಯೋ, ಮಂಗನಬಾವು ಕಣ್ರೀ ಇದು!"

ಚಿಕ್ಕಮ್ಮ ಹೌದೆಂದುಬಿಟ್ಟರು. ಮಂಗನಬಾವಿಗೆ ಕೊರಳಿಗೆ ಚಿನ್ನ ಹಾಕಬೇಕಲ್ಲ! ಆಂಟಿ ಓಡಿಹೋಗಿ ತಮ್ಮ ಎರಡೆಳೆ ಸರ ತಂದು ಹಾಕಿ, ಪೂರ್ತಿ ವಾಸಿಯಾಗುವ ತನಕ ತೆಗೆಯಕೂಡದೆಂದು ಆಣೆಯಿಟ್ಟು ಹೋದರು. ಸೊಪ್ಪಿನ ಗಾಡಿಯವನಿಗೂ ಸುದ್ದಿ ಮುಟ್ಟಿತು. "ಸುಳ್ಳು ಹೇಳಿದ್ದಕ್ಕೆ ಚಿನ್ನ ಸಿಕ್ಕಿದ್ದು ನನಗೊಬ್ಬಳಿಗೇ ಇರ್ಬೇಕು" ಎಂದು ಚಿಕ್ಕಮ್ಮ ಊದಿದ ಮುಖದಲ್ಲೇ ನಕ್ಕರು.

ಎರಡು ಭಾನುವಾರ ಅಜ್ಜಿಯ ಬಳಿ ಹೋಗಲಾಗಲಿಲ್ಲ. ಊತ ಇಳಿಯಿತು, ಆದರೆ ಎಡಗೆನ್ನೆಯಲ್ಲಿ ಒಂದು ಗಂಟು ಉಳಿಯಿತು. ಡಾಕ್ಟರಮ್ಮ ನೋಡಿ, ಇನ್ನೊಂದು ಇಂಜೆಕ್ಷನ್ ಕೊಟ್ಟು ಕರಗಿಸೋಣ, ಸೋಮವಾರ ಬನ್ನಿ ಎಂದರು. ಅದಕ್ಕೂ ಮೊದಲು ಭಾನುವಾರ ಬಂತು, ಇಬ್ಬರೂ ಹೊರಟೆವು.

"ಅಮ್ಮಂಗೆ ಈ ಮುಖಾನೂ ಗುರುತು ಸಿಗ್ದಿದ್ರೆ ಏನೇ ಮಾಡೋದು?" ಎಂದು ಆಟೋದಲ್ಲಿ ಕೇಳಿದರು.

ಅಜ್ಜಿ ದಿಟ್ಟಿಸಿ ನೋಡಿ, "ಬನ್ನಿ, ಕೂತ್ಕೊಳ್ಳಿ" ಎಂದರು. ಚಿಕ್ಕಮ್ಮ ತಲೆ ತಗ್ಗಿಸಿ ಕೂತರು. ನನಗೆ ಅಳು ಬಂತು.

"ಸರ ಚೆನ್ನಾಗಿದೆ" ಎಂದು ಅಜ್ಜಿ ಕೈ ಚಾಚಿದರು. ಆ ಕೈ ಸರ ಮುಟ್ಟಿ, ಹಾಗೆಯೇ ಕೆನ್ನೆಗೆ ಹೋಗಿ, ಗಂಟಿನ ಮೇಲೆ ನಿಂತಿತು. ಹಗುರವಾಗಿ ಒತ್ತಿ ನೋಡಿದರು. ಹುಬ್ಬು ಮೇಲೇರಿತು.

"ಮತ್ತೆ ತುತ್ತು ದವಡೇಲಿ ಇಟ್ಕೊಂಡಿದ್ದೀಯೇನೇ? ಎಷ್ಟು ಹೊತ್ತೇ ನಿಂದು? ನುಂಗು!"

ಊರಿನ ಮಕ್ಕಳನ್ನೆಲ್ಲ ಗದರಿಸಿದ್ದ ನಮ್ಮ ಗಣಿತದ ಮೇಡಂ ಗುಟುಕ್ಕೆಂದು ಬರಿಯ ಎಂಜಲು ನುಂಗಿ, ಬಾಯಿ ಅಗಲಿಸಿ ತೋರಿಸಿದರು. "ನುಂಗ್ದೆ ಅಮ್ಮ." ಕಣ್ಣಲ್ಲಿ ನೀರು ಧಾರೆಯಾಗಿತ್ತು.

ಮರುದಿನ ನಾನು ಕ್ಲಿನಿಕ್ಕಿನ ನೆನಪು ಮಾಡಿದೆ.

"ಇರ್ಲಿ ಬಿಡೇ" ಎಂದರು ಚಿಕ್ಕಮ್ಮ. "ನಂದಿನ್ನೂ ಊಟ ಮುಗಿದಿಲ್ಲ."