ಮಧ್ಯೆ ಸೇರಿಕೊಂಡ ಊಟ

ವ್ಯಾಕರಣ ಕಲಿಸುವವನಿಗೆ ಇಂಥವು ತಪ್ಪುವುದಿಲ್ಲ. ನಿಯಮವನ್ನು ಬೋರ್ಡಿನ ಮೇಲೆ ಬರೆದ ವಾರದೊಳಗೆ, ಅದನ್ನು ಮುರಿದೇ ಸುಖವಾಗಿರುವ ಒಬ್ಬರಾದರೂ ಎದುರಾಗುತ್ತಾರೆ. ಈ ಸಲ ಎದುರಾದವರು ಒಬ್ಬ ರೈಟರ್.

ಬುಟ್ಟಿ ಎಲ್ಲಿ

ರೈಟರ್ ಎಂದರೆ ನಮ್ಮ ಕಡೆ ಕತೆ ಬರೆಯುವವರಲ್ಲ. ಎಸ್ಟೇಟಿನಲ್ಲಿ ಹಾಜರಿ ಬರೆದು, ಆಳುಗಳಿಗೆ ಕೆಲಸ ಹೇಳುವವರು. ಬಾಳ್ಳುಪೇಟೆಯಲ್ಲಿ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ನಡೆಸುವ ಭಾನುವಾರದ ಇಂಗ್ಲಿಷ್ ಪಾಠಕ್ಕೆ, ಐವತ್ತು ದಾಟಿದ ಇವರು ನೋಟ್‌ಬುಕ್ ಹಿಡಿದು ಬಂದರು.

"ಹೊಸ ಮ್ಯಾನೇಜರ್‌ಗೆ ಕನ್ನಡ ಬರಲ್ಲ ಸಾರ್. ಅವರು ಕೇಳಿದ್ದನ್ನ ಆಳುಗಳಿಗೆ, ಆಳುಗಳು ಹೇಳಿದ್ದನ್ನ ಅವರಿಗೆ ನಾನೇ ಮುಟ್ಟಿಸ್ಬೇಕು. ಹೆಚ್ಚುಕಮ್ಮಿ ಆದ್ರೆ ಬೇರೆ ರೈಟರ್ ನೋಡ್ಕೋತೀನಿ ಅಂದವ್ರೆ."

ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ರಿಪೋರ್ಟೆಡ್ ಸ್ಪೀಚ್ ಪಾಠ ಶುರು ಮಾಡಿದೆ. 'ನಿನ್ನ ಬುಟ್ಟಿ ಎಲ್ಲಿ?' ಎಂದು ಮ್ಯಾನೇಜರ್ ಕೇಳಿದರು; ಇದನ್ನು ಇಂಗ್ಲಿಷಿನಲ್ಲಿ ವರದಿ ಮಾಡಿ ಎಂದೆ. ಊಟ ಆಯಿತೇ ಎಂದು ವಿಚಾರಿಸಿ, ಆಮೇಲೆ ಬುಟ್ಟಿ ಎಲ್ಲಿದೆ ಎಂದು ಮ್ಯಾನೇಜರ್ ಕೇಳಿದರು ಎಂದು ರೈಟರ್ ಬರೆದರು. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ.

"ಈ ಊಟ ಎಲ್ಲಿಂದ ಬಂತು?"

"ಊಟ ಆಯ್ತಾ ಅನ್ನದೆ ನೇರವಾಗಿ ಬುಟ್ಟಿ ಎಲ್ಲಿ ಅಂತ ಕೇಳೋರು ಜಗಳಕ್ಕೆ ಬಂದೋರು ಸಾರ್."

ಇಲ್ಲದ್ದನ್ನು ಸೇರಿಸಬಾರದು ಎಂದು ಸೊನ್ನೆ ಕೊಟ್ಟೆ. ಅವರು ಅದಕ್ಕೂ ಥ್ಯಾಂಕ್ಸ್ ಹೇಳಿದರು.

ನಾಲ್ಕಕ್ಕೆ ನಲವತ್ತು

ಮುಂದಿನ ಭಾನುವಾರ ರೈಟರ್ ಮುಖ ಬಾಡಿತ್ತು.

"ನಾನು ನಾಲ್ಕು ಮಾತು ಕೇಳಿದ್ರೆ ನೀನು ನಲವತ್ತು ಹೇಳ್ತೀಯಲ್ಲ, ಮಿಕ್ಕಿದ್ದು ಏನು ಅಂತ ಮ್ಯಾನೇಜರ್ ಕೇಳ್ಬುಟ್ರು ಸಾರ್."

"ಏನಂದ್ರಿ?"

"ಕನ್ನಡ ದೊಡ್ಡ ಭಾಷೆ ಅಂದೆ."

ಮ್ಯಾನೇಜರ್ ನಂಬಿರಲಿಲ್ಲ. ಮೇಷ್ಟ್ರನ್ನೇ ಕರೆದುಕೊಂಡು ಬಾ, ಅವರೇ ಪರೀಕ್ಷೆ ಮಾಡಲಿ ಎಂದಿದ್ದರಂತೆ. ರೈಟರ್ ಕೆಲಸ ಉಳಿಯುವುದು ಈಗ ನನ್ನ ಮಾತಿನ ಮೇಲಿತ್ತು. ನನಗೆ ಕರುಣೆಗಿಂತ ಕುತೂಹಲ ಹೆಚ್ಚಿತ್ತು, ಹೋದೆ.

ಪರೀಕ್ಷೆ

ಬೆಳಗೋಡಿನ ಆಚೆ, ನಿಂತರೆ ಜಾರುವಂಥ ಏರಿನಲ್ಲಿ ಹೆಂಗಸರು ಕಾಫಿ ಹಣ್ಣು ಕೊಯ್ಯುತ್ತಿದ್ದರು. ಮ್ಯಾನೇಜರ್ ಎಲ್ಲರಿಗಿಂತ ಹಿಂದಿದ್ದ ವಯಸ್ಸಾದ ಹೆಂಗಸನ್ನು ತೋರಿಸಿ, "ಈಕೆ ಯಾಕಿಷ್ಟು ನಿಧಾನ, ಕೇಳು" ಎಂದರು.

ರೈಟರ್ ಕೇಳಿದರು: "ದೊಡ್ಡವ್ವ, ಊಟ ಆಯ್ತಾ? ಮಂಡಿನೋವು ಹೆಂಗೈತೆ ಅಂತ ಸಾಹೇಬ್ರು ಕೇಳ್ತವ್ರೆ."

"ಎಲ್ಲಿ ವಾಸಿ ಆಯ್ತದೆ ಮಾರಾಯ? ಈ ಏರಲ್ಲಿ ಕಾಲೂರಕ್ಕೆ ಆಗಲ್ಲ, ಅದಕ್ಕೇ ಹಿಂದೆ ಬಿದ್ದಿದ್ದೀನಿ. ಸಮತಟ್ಟಲ್ಲಿ ಕೆಲಸ ಕೊಡಕ್ಕೇಳು, ಆಮೇಲೆ ನೋಡ್ಲಿ."

ರೈಟರ್ ಇದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು. ಮ್ಯಾನೇಜರ್ ತಲೆಯಾಡಿಸಿ, ಆಕೆಗೆ ಕೆಳಗಿನ ಸಾಲು ಕೊಡಲು ಹೇಳಿ, ಸರಿಯಿದೆಯೇ ಎಂಬಂತೆ ನನ್ನನ್ನು ನೋಡಿದರು. ಪ್ರಶ್ನೆ ಪೂರ್ತಿ ತಪ್ಪು. ಉತ್ತರ ಪೂರ್ತಿ ಸರಿ. ನನ್ನ ಪುಸ್ತಕದಲ್ಲಿ ಇದಕ್ಕೆ ನಿಯಮವಿಲ್ಲ.

"ಉತ್ತರ ಸರಿಯಾಗಿದೆ" ಎಂದೆ. ಸುಳ್ಳಂತೂ ಅಲ್ಲ.

ಮ್ಯಾನೇಜರ್‌ಗೆ ಇನ್ನೊಂದು ಅನುಮಾನವಿತ್ತು. "ಇವರೆಲ್ಲ ನನ್ನನ್ನು ದಡ್ಡ ಅಂದುಕೊಂಡಿದ್ದಾರಾ, ಕೇಳು."

"ದೊಡ್ಡವ್ವ, ಸಾಹೇಬ್ರ ಬಗ್ಗೆ ಏನನ್ನಿಸ್ತದೆ ಅಂತ ಕೇಳ್ತವ್ರೆ."

"ದಿನಾ ಊಟ ಆಯ್ತಾ ಅಂತ ವಿಚಾರ್ಸ್ತಾರಲ್ಲ, ಹಿಂದಿನೋರು ಯಾರೂ ಕೇಳ್ತಿರ್ಲಿಲ್ಲ. ಮನಸು ಒಳ್ಳೇದು. ತೋಟದ ಕೆಲಸ ಮಾತ್ರ ಏನೂ ಗೊತ್ತಾಗಲ್ಲ, ಪಾಪ."

ಈ ಸಲ ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಏನಂದಳು? ನೀವೇ ಹೇಳಿ."

ರೈಟರ್ ತಮ್ಮ ಕಾಲಿನ ಮೇಲೆ ಇಲ್ಲದ ಜಿಗಣೆ ಹುಡುಕತೊಡಗಿದರು.

"ನಿಮ್ಮ ಮನಸ್ಸು ಒಳ್ಳೆಯದು ಅಂದಳು" ಎಂದೆ.

"ಅಷ್ಟೇನಾ? ತುಂಬ ಹೊತ್ತು ಮಾತಾಡಿದಳಲ್ಲ?"

"ಕನ್ನಡ ದೊಡ್ಡ ಭಾಷೆ" ಎಂದೆ.

ಮ್ಯಾನೇಜರ್‌ಗೆ ಖುಷಿಯಾಯಿತು. ರೈಟರ್ ಬದಲಾಗುವುದಿಲ್ಲ ಎಂದು ಅಲ್ಲೇ ಹೇಳಿದರು. ರೈಟರ್ ಇಳಿಜಾರು ಇಳಿದು ನನ್ನನ್ನು ಕಳಿಸಲು ಬಂದರು. ಗೇಟಿನ ಹತ್ತಿರ ಮೆಲ್ಲಗೆ ಕೇಳಿದರು:

"ಊಟ ಆಯ್ತಾ ಸಾರ್?"

"ಇಲ್ಲ. ವಿಷಯ ಏನು ಹೇಳಿ."

"ಸೇರಿಸಿದ್ದಕ್ಕೆ ನನಗೆ ಸೊನ್ನೆ ಕೊಟ್ರಿ. ಅರ್ಧ ನುಂಗಿದ್ದಕ್ಕೆ ನಿಮಗೆ ಎಷ್ಟು?"