ಇಪ್ಪತ್ತಮೂರು ಸಾಕ್ಷಿಗಳ ಗೇರ್‌ಬಾಕ್ಸ್

ಜನವರಿ ಒಂಬತ್ತು, ಶುಕ್ರವಾರ. ಬೆಳಿಗ್ಗೆ ಆರು ನಲವತ್ತಕ್ಕೆ ಬರೆಯಲು ಶುರು. ಲೆಕ್ಕ ಬರೆದಿಡುವವರಿಗೆ ಒಂದು ಕಾಯಿಲೆ ಇರುತ್ತದೆ. ಗೆರೆ ಎಳೆದು, ಕಾಲಂ ಮಾಡಿ, ತಾರೀಖು ಹಾಕಿ ಬರೆದದ್ದೆಲ್ಲ ಸತ್ಯವೆಂದು ಅವರಿಗೆ ಅನ್ನಿಸತೊಡಗುತ್ತದೆ. ಅದೇ ಮಾತನ್ನು ಚೀಟಿಯ ಹಿಂದೆ ಗೀಚಿದರೆ ಗಾಳಿಮಾತು. ರಿಜಿಸ್ಟರಿಗೆ ಏರಿಸಿದರೆ ದಾಖಲೆ. ನನಗೆ ಈ ಕಾಯಿಲೆ ಎಂಟನೇ ಕ್ಲಾಸಿನಿಂದ ಇದೆ. ನಮ್ಮ ಸೊಸೈಟಿಯ ಲಿಫ್ಟ್ ವರ್ಷದಲ್ಲಿ ಎಷ್ಟು ಸಲ ಕೆಟ್ಟಿತು, ಅಮ್ಮ "ಇನ್ನು ಈ ಮನೆಯಲ್ಲಿ ಉಪ್ಪಿನಕಾಯಿ ಹಾಕುವುದಿಲ್ಲ" ಎಂದು ಎಷ್ಟು ಸಲ ಶಪಥ ಮಾಡಿದಳು, ಎಲ್ಲ ನನ್ನಲ್ಲಿದೆ. ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ನನಗೆ ಸಂಬಳ ಕೊಡುವುದೂ ಇದಕ್ಕೇ. ಬಂದ ಬಿಡಿಭಾಗಗಳನ್ನು ಪರೀಕ್ಷಿಸಿ ಸರಿ, ತಪ್ಪು ಎಂದು ಗುರುತು ಹಾಕುತ್ತೇನೆ.

ಹೋದ ವರ್ಷ ಅಪ್ಪನ ಎಡಮಂಡಿ ನೋಯತೊಡಗಿ ಈ ಕಾಯಿಲೆಗೆ ಹೊಸ ವಿಷಯ ಸಿಕ್ಕಿತು. ಅಪ್ಪನದು ಠಾಣೆಯಲ್ಲೇ ನೌಪಾಡಾದಲ್ಲಿ ಒಂದು ಸಣ್ಣ ಸಸ್ಯಾಹಾರಿ ಹೋಟೆಲು. ಹದಿನೇಳು ವರ್ಷಗಳಿಂದ ಅವರು ಓಡಿಸುತ್ತಿದ್ದದ್ದು ಎತ್ತರದ ಒಂದು ಫೋರ್-ವೀಲ್ ಡ್ರೈವ್. ನೌಪಾಡಾದಿಂದ ಮನೆಗೆ ಇರುವ ಎರಡು ಕಿಲೋಮೀಟರಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿ ಯಾಕೆ ಎಂದು ಕೇಳಬಾರದು. ಹದಿನೇಳು ವರ್ಷಗಳಲ್ಲಿ ನಾಲ್ಕೂ ಚಕ್ರಕ್ಕೆ ಹಾಕುವ ಆ ಲಿವರನ್ನು ಅವರು ಬಳಸಿದ್ದು ಮೂರು ಸಲ: ಕಲ್ಯಾಣದ ಮದುವೆ ಹಾಲಿನ ಕೆಸರಿನಲ್ಲಿ ಒಮ್ಮೆ, ಡೊಂಬಿವಲಿಯ ಚಿಕ್ಕಪ್ಪನಿಗೆ ತೋರಿಸಲು ಒಮ್ಮೆ, ಕೈತಪ್ಪಿ ಒಮ್ಮೆ. ಆದರೆ ಪ್ರತಿ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ನವಿ ಮುಂಬೈಯ ಅಗಲವಾದ ಪಾಮ್ ಬೀಚ್ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುವುದು ಅವರ ವಾರದ ಏಕೈಕ ರಜೆ. ಡಾಕ್ಟರು ಮಂಡಿ ಒತ್ತಿ ನೋಡಿ "ಇನ್ನು ಕ್ಲಚ್ ತುಳಿಯಬೇಡಿ" ಅಂದದ್ದೇ ತಡ, ಅಪ್ಪ ಎರಡು ದಿನ ಸಾಂಬಾರಿನ ರುಚಿ ನೋಡಲಿಲ್ಲ.

"ಅಟೋಮ್ಯಾಟಿಕ್ ಇರುವ ಸಣ್ಣ ಕಾರು ತಗೊಳ್ಳುವ ಅಪ್ಪಾ" ಅಂದೆ.

"ಅದು ಕಾರಾ? ಇಡ್ಲಿ ಸ್ಟೀಮರಿಗೆ ಚಕ್ರ ಇಟ್ಟಿದ್ದಾರೆ."

"ಹಾಗಾದ್ರೆ ಡ್ರೈವರ್ ಇಡುವ."

"ನಾನು ಎಡಗಡೆ ಕೂತು ಎಂತ ಮಾಡ್ಲಿ? ಕಿಟಕಿ ಒರೆಸ್ಲಾ? ನಮ್ಮದೇ ಗಾಡಿಗೆ ಅಟೋಮ್ಯಾಟಿಕ್ ಬಂದ್ರೆ ಓಡಿಸ್ತೇನೆ. ಬರದಿದ್ರೆ ಲೈಸೆನ್ಸ್ ದೇವರ ಕೋಣೆಯಲ್ಲಿ ಇಟ್ಟು ಕೈಮುಗೀತೇನೆ."

ಅವರ ಗಾಡಿಯ ಈಗಿನ ಮಾದರಿಗಳಲ್ಲಿ ತಾನೇ ಗೇರು ಬದಲಿಸುವ ಅಟೋಮ್ಯಾಟಿಕ್ ಇತ್ತು, ಆದರೆ ಎರಡೇ ಚಕ್ರ ಎಳೆಯುವ ಮಾದರಿಗೆ ಮಾತ್ರ. ಹೊಸ ವರ್ಷದ ಮಾದರಿಯಲ್ಲಿ ನಾಲ್ಕು ಚಕ್ರದ್ದಕ್ಕೂ ಅದು ಬರಬಹುದೇ? ನಾನು ಹೊಸ ರಿಜಿಸ್ಟರ್ ತೆರೆದೆ. ಒಂದು ಪುಟ ಗೇರ್‌ಬಾಕ್ಸಿಗೆ, ಒಂದು ಪುಟ ಎಂಜಿನ್ನಿಗೆ. ತಾರೀಖು, ಹೇಳಿದವರು, ಹೇಳಿದ್ದು. ಮೊದಲ ಸಾಲಿನಲ್ಲಿ ನನ್ನದೇ ಊಹೆಯನ್ನು ಬರೆದೆ, ಪುಟ ಖಾಲಿ ಕಾಣಬಾರದಲ್ಲ. ಮರುದಿನ ಷೋರೂಮಿಗೆ ಹೋಗಿ ವಿಚಾರಿಸಿದೆ. ಅಲ್ಲಿನವನು "ಮೇಡಂ, ಕಂಪನಿ ಸೇ ಕುಛ್ ಆಯಾ ನಹೀ" ಎಂದು, ಕಂಪನಿಯಿಂದ ಸುದ್ದಿಯೇ ಬಂದಿಲ್ಲವೆಂಬಂತೆ ಕೈಯಾಡಿಸಿದ. ಅವನ ಹೆಸರಿನ ಮುಂದೆ "ವಿಷಯ ಗೊತ್ತಿಲ್ಲದವನು" ಎಂದು ಬರೆದು ಸಾಲು ಹೊಡೆದುಹಾಕಿದೆ.

ಆಮೇಲೆ ಸಾಕ್ಷಿಗಳು ತಾವಾಗಿಯೇ ಬರತೊಡಗಿದರು. ಹೋಟೆಲುಗಳಿಗೆ ತೆಂಗಿನಕಾಯಿ ಹಾಕುವ ಟೆಂಪೋದ ಶರಣಪ್ಪ ಕಲಬುರಗಿ ಕಡೆಯವನು. ವಾಶಿಯಿಂದ ಹೊರಟು ಕಲ್ಯಾಣ, ಡೊಂಬಿವಲಿ, ಠಾಣೆ ಎಂದು ನಮ್ಮವರ ಹೋಟೆಲುಗಳನ್ನೆಲ್ಲ ಸುತ್ತುವವನು. ಗೋಣಿ ಇಳಿಸುತ್ತ ಅವನು ಹೇಳಿದ: "ಅಕ್ಕಾರ, ಆ ಗಾಡಿ ಅಟೋಮ್ಯಾಟಿಕ್ ಬರ್ತೈತ್ರೀ. ಪಕ್ಕಾ." ವಾಶಿಯ ಕ್ಯಾಶಿಯರ್ ಫೋನಿನಲ್ಲಿ ಅದನ್ನೇ ಹೇಳಿದರು. ಕಲ್ಯಾಣದ ಅಡುಗೆಭಟ್ಟರು ಹೇಳಿದರು. ಚಿಕ್ಕಪ್ಪನಂತೂ ಗೇರಿನ ಹಿಡಿ ಯಾವ ಬಣ್ಣದ್ದು ಎಂಬುದನ್ನೂ ಹೇಳಿದರು. ಬರುತ್ತದೆ ಎಂದವರು ಇಪ್ಪತ್ತಮೂರು, ಬರುವುದಿಲ್ಲ ಎಂದವರು ಸೊನ್ನೆ. ಎಂಜಿನ್ ಪುಟದಲ್ಲಿ ಮಾತ್ರ ಎಲ್ಲ ಗೊಂದಲ. ದೊಡ್ಡದಾಗುತ್ತದೆ ಎಂದು ನಾಲ್ವರು, ಸಣ್ಣದಾಗುತ್ತದೆ ಎಂದು ನಾಲ್ವರು, ಅದೇ ಎಂಜಿನ್ನಿಗೆ ಹೊಸ ಹೆಸರು ಎಂದು ಒಬ್ಬರು.

ಅಪ್ಪ ನನ್ನ ರಿಜಿಸ್ಟರನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮರುವಾರವೇ ಹಳೆಯ ಗಾಡಿಯನ್ನು ಚಿಕ್ಕಪ್ಪನಿಗೆ ಕೊಟ್ಟುಬಿಟ್ಟರು. "ನನ್ನ ಮಗಳು ಸುಮ್ಮನೆ ಬರೆಯುವವಳಲ್ಲ" ಅಂದರು. ಅಂದಿನಿಂದ ಊಟದ ಮನೆಯಲ್ಲಿ ಅಭ್ಯಾಸ ಆರಂಭವಾಯಿತು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗಾಲನ್ನು ಹಿಂದಕ್ಕೆ ಮಡಚಿ, ಬಲಗಾಲೊಂದರಿಂದಲೇ ನೆಲ ಒತ್ತುವುದು. ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಬಾರದಲ್ಲ. ಅಮ್ಮ ಒಳಗಿನಿಂದ "ನಿನ್ನಪ್ಪ ಕುರ್ಚಿ ಓಡಿಸ್ತಿದ್ದಾರೆ, ನೋಡಿ ದಾಟು" ಎನ್ನುತ್ತಿದ್ದಳು.

ಹೊಸ ಮಾದರಿ ಪ್ರಕಟವಾಗಲು ಹನ್ನೊಂದು ದಿನ ಇರುವಾಗ ನನ್ನೊಳಗಿನ ಪರೀಕ್ಷಕಿ ಎದ್ದಳು. ಕಾರ್ಖಾನೆಯಲ್ಲಿ ಒಂದು ಬೋಲ್ಟ್ ಸರಿಯಿಲ್ಲದಿದ್ದರೂ ಎಲ್ಲಿಂದ ಬಂತು ಎಂದು ಮೂಲದವರೆಗೆ ಹೋಗುವವಳು, ಇಲ್ಲಿ ಯಾಕೆ ಹೋಗಲಿಲ್ಲ? ಒಬ್ಬೊಬ್ಬರಿಗೂ ಫೋನು ಮಾಡಿ "ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದೆ. ವಾಶಿ, ಕಲ್ಯಾಣ ಎಲ್ಲವೂ ಶರಣಪ್ಪನ ಟೆಂಪೋಗೆ ಬಂದು ನಿಂತವು. ಶರಣಪ್ಪನಿಗೆ ಹೇಳಿದ್ದು ಡೊಂಬಿವಲಿಯ ಚಿಕ್ಕಪ್ಪ. ನಾನು ಎದೆ ಗಟ್ಟಿಮಾಡಿ ಚಿಕ್ಕಪ್ಪನನ್ನು ಕೇಳಿದೆ.

"ಎಂತ ಕೇಳ್ತಿ ಮಾರಾಯ್ತಿ? ನೀನೇ ಅಲ್ವಾ ಹೇಳಿದ್ದು! ನೀನು ಹೇಳಿದ್ದು ಅಂತಲೇ ನಾನು ಎಲ್ಲರಿಗೂ ಧೈರ್ಯದಲ್ಲಿ ಹೇಳಿದ್ದು."

ನಾನು ಹೇಳಿರಲಿಲ್ಲ, ಕೇಳಿದ್ದೆ: "ಅಟೋಮ್ಯಾಟಿಕ್ ಬರಬಹುದಾ ಚಿಕ್ಕಪ್ಪ?" ಆ ಪ್ರಶ್ನೆಯ ಚಿಹ್ನೆ ಡೊಂಬಿವಲಿ ಸ್ಟೇಷನ್ನಿನ ನೂಕುನುಗ್ಗಲಲ್ಲಿ ಎಲ್ಲೋ ಇಳಿದುಹೋಗಿತ್ತು. ಉಳಿದದ್ದು ತೆಂಗಿನಕಾಯಿಯ ಜೊತೆ ನಾಲ್ಕೂರು ಸುತ್ತಿ, ದಪ್ಪವಾಗಿ, ಬಣ್ಣ ಬಳಿದುಕೊಂಡು ನನ್ನ ಬಳಿಗೇ ಸಾಕ್ಷಿ ಹೇಳಲು ಬಂದಿತ್ತು. ಇಪ್ಪತ್ತಮೂರೂ ನಾನೇ. ನಿಜ ಹೇಳಿದ್ದವನು ಷೋರೂಮಿನವನೊಬ್ಬ, ಅವನನ್ನು ಹೊಡೆದುಹಾಕಿದ್ದೆ.

ಅಪ್ಪನಿಗೆ ಹೇಳಬೇಕೆಂದು ಎರಡು ಸಂಜೆ ಊಟದ ಮನೆಗೆ ಹೋದೆ. ಎರಡು ಸಂಜೆಯೂ ಅವರು ಕುರ್ಚಿಯಲ್ಲಿ ಪಾಮ್ ಬೀಚ್ ರಸ್ತೆಯ ತಿರುವಿನಲ್ಲಿದ್ದರು. ಮಧ್ಯದಲ್ಲಿ ತಡೆಯಲು ಮನಸ್ಸಾಗಲಿಲ್ಲ.

ಪ್ರಕಟಣೆಯ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನೋಡಿದೆ. ವೇದಿಕೆಯ ಮೇಲೆ ಕಂಪನಿಯ ಮನುಷ್ಯ ಮೂವತ್ತೆಂಟು ನಿಮಿಷ ದೀಪ, ಸೀಟು, ಬಾಗಿಲಿನ ಹಿಡಿ ಎಂದು ಮಾತಾಡಿದ. ನನ್ನ ಅನ್ನ ಆರಿಹೋಯಿತು. ಮೂವತ್ತೊಂಬತ್ತನೇ ನಿಮಿಷಕ್ಕೆ, ಏನೋ ಮರೆತದ್ದು ನೆನಪಾದವನಂತೆ, ನಾಲ್ಕು ಚಕ್ರದ ಮಾದರಿಗೂ ಇನ್ನು ಅಟೋಮ್ಯಾಟಿಕ್ ಸಿಗುತ್ತದೆ ಎಂದ. ನಾನು ಆರಿದ ಅನ್ನವನ್ನು ಅಷ್ಟು ರುಚಿಯಾಗಿ ಎಂದೂ ಉಂಡಿಲ್ಲ. ಎಂಜಿನ್ ಅದೇ ಹಳೆಯದು, ಹೆಸರು ಮಾತ್ರ ಹೊಸದು. ಹಾಗೆಂದಿದ್ದ ಆ ಒಬ್ಬರು ಯಾರೆಂದು ರಿಜಿಸ್ಟರಿನಲ್ಲಿ ನೋಡಿದರೆ ಅಮ್ಮ.

ಅಪ್ಪನಿಗೆ ಫೋನು ಮಾಡಿ "ಬಂತು" ಅಂದೆ. ದೋಸೆ ಕಾವಲಿಯ ಸದ್ದಿನ ಮೇಲೆ ದನಿ ಏರಿಸಿ, "ನೀನು ಬರೆದ ಮೇಲೆ ಬಾರದೆ ಇರ್ತದಾ?" ಅಂದರು.

ಕಳೆದ ಭಾನುವಾರ ಹೊಸ ಗಾಡಿಯ ಮೊದಲ ಸವಾರಿ. ಎಷ್ಟು ಅಭ್ಯಾಸ ಮಾಡಿದ್ದರೂ ಎಡಗಾಲು ಕ್ಲಚ್ ಎಂದುಕೊಂಡು ಬ್ರೇಕನ್ನು ಮೂರು ಸಲ ತುಳಿಯಿತು. ಮೂರನೆಯ ಸಲ ಅಮ್ಮನ ಫ್ಲಾಸ್ಕಿನ ಕಾಫಿ ನನ್ನ ರಿಜಿಸ್ಟರಿನ ಮೇಲೆ ಚೆಲ್ಲಿತು. ಆಮೇಲೆ ಅಪ್ಪ ಎಡಗಾಲನ್ನು ಹಿಂದಕ್ಕೆ ಮಡಚಿಕೊಂಡರು. ವಾಶಿಯ ಸೇತುವೆ ಕಾಣುವ ಹೊತ್ತಿಗೆ ಶಿಳ್ಳೆ ಹಾಕುತ್ತಿದ್ದರು. ಬಹಳ ದಿನಗಳ ಮೇಲೆ ನಾನು ಏನನ್ನೂ ಎಣಿಸಲಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಿನ್ನೆ ಶರಣಪ್ಪ ಗೋಣಿ ಇಳಿಸುತ್ತ, "ಅಕ್ಕಾರ, ಬರೋ ವರ್ಷ ಎಂಜಿನ್ನೂ ಹೊಸಾದು ಬರ್ತೈತಂತ್ರೀ" ಅಂದ.

"ಯಾರು ಹೇಳಿದ್ದು?"

"ನಿಮ್ಮ ಅಪ್ಪಾರು. ಅವರ ಮಗಳು ಬರದಾಳಂತ, ಸುಳ್ಳಾಗಂಗಿಲ್ಲಂತ."

ಆದ್ದರಿಂದ ಓದುಗರಲ್ಲಿ ವಿನಂತಿ. ಆ ಎಂಜಿನ್ನಿನ ವಿಷಯ ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ನಿಮಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂಬುದನ್ನೂ ಸೇರಿಸಿ. ಆ ಸರಪಳಿಯಲ್ಲಿ ಎಲ್ಲಾದರೂ ಒಂದು ತೆಂಗಿನಕಾಯಿ ಟೆಂಪೋ ಸಿಕ್ಕಿದರೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಅದು ನಾನೇ.