ಬದನೆಕಾಯಿಯಿಂದ ಈರುಳ್ಳಿಗೆ ಇಳಿಯುವ ಪಟ್ಟಿ

ವೆಬ್‌ಸೈಟ್ ಮಾಡಿಸಬೇಕೆಂದಿರುವವರಿಗೆ ನನ್ನದೊಂದು ಸಲಹೆ ಇದೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೇಳದವರಿಗೆ ಸಲಹೆ ಕೊಟ್ಟೇ ನಾನು ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯಲ್ಲಿ ಅಂಗಡಿ ಕಟ್ಟಿ ನಿಲ್ಲಿಸಿದವನು. ದರದಲ್ಲಿ ಚೌಕಾಸಿ ಮಾಡಬೇಡಿ. ಅದನ್ನು ಎಲ್ಲರೂ ಮಾಡುತ್ತಾರೆ, ಎದುರಿನವನು ಅದಕ್ಕೆ ತಯಾರಾಗಿಯೇ ಕೂತಿರುತ್ತಾನೆ. ಅವನು ಕೇಳಿದ್ದಕ್ಕೆ ಹೂಂ ಎಂದುಬಿಟ್ಟು, ಆ ಖುಷಿಯಲ್ಲಿ ಅವನು ಮೈಮರೆತಿರುವಾಗ, ‘ಬಣ್ಣ ನನ್ನ ಮನಸ್ಸಿಗೆ ಬರುವ ತನಕ ಎಷ್ಟು ಸಲವಾದರೂ ಬದಲಿಸಿಕೊಡಬೇಕು’ ಎಂದು ಮೆಲ್ಲಗೆ ಸೇರಿಸಿ. ಈ ಒಂದು ಮಾತು ಎಷ್ಟು ಬಾಳುತ್ತದೆಂದು ಆಡುವಾಗ ನನಗೂ ಗೊತ್ತಿರಲಿಲ್ಲ.

ನನ್ನದು ಮ್ಯಾಚಿಂಗ್ ಸೆಂಟರ್. ಹೆಂಗಸರು ಸೀರೆ ತರುತ್ತಾರೆ, ನಾನು ಅದಕ್ಕೆ ಹೊಂದುವ ರವಿಕೆ ಬಟ್ಟೆ, ದಾರ ಕೊಡುತ್ತೇನೆ. ಟ್ಯೂಬ್‌ಲೈಟಿನ ಬೆಳಕನ್ನು ನಾನು ನಂಬುವುದಿಲ್ಲ. ಸೀರೆಯನ್ನೂ ತುಂಡನ್ನೂ ಹಿಡಿದು ಬಾಗಿಲಾಚೆ ಬಿಸಿಲಿಗೆ ಹೋಗುತ್ತೇನೆ, ಗಿರಾಕಿಯೂ ಹಿಂದೆಯೇ ಬರಬೇಕು. ಹೊಂದಿತೆಂದರೆ ಮಾತಿಲ್ಲ, ತುಂಡನ್ನು ಮಡಚಿಬಿಡುತ್ತೇನೆ. ಮಡಚಿದ ಮೇಲೆ ಮತ್ತೊಂದು ತೋರಿಸುವುದಿಲ್ಲ. ಹೀಗೆ ಸಾವಿರಾರು ಹೆಂಗಸರಿಗೆ ಹೊಂದಿಸಿ ಕೊಟ್ಟ ನನಗೆ ಮನೆಯಲ್ಲಿ ಒಬ್ಬಳನ್ನು ಹೊಂದಿಸಿಕೊಳ್ಳಲು ಆಗಲಿಲ್ಲ. ಹೆಣ್ಣು ನೋಡುವ ಕಾಲದಲ್ಲಿ ನಾನೂ ನನ್ನ ಗಿರಾಕಿಗಳ ಹಾಗೆಯೇ ‘ಇನ್ನೊಂದು ನೋಡೋಣ’ ಎನ್ನುತ್ತಿದ್ದೆ. ನೋಡುತ್ತಾ ನೋಡುತ್ತಾ ಅಂಗಡಿ ಮುಚ್ಚುವ ವೇಳೆಯಾಯಿತು. ಈಗ ಹಗಲೆಲ್ಲ ತೆಲುಗು, ಹಿಂದಿಯಲ್ಲಿ ಬಾಯಿ ನೋಯುವಷ್ಟು ಮಾತು. ಸಂಜೆ ಕೋಣೆಗೆ ಬಂದು ಬೀಗ ತೆಗೆದರೆ, ನನ್ನ ಹುಮನಾಬಾದಿನ ಕನ್ನಡ ಕೇಳಿಸಿಕೊಳ್ಳಲು ಅಲ್ಲಿರುವುದು ಒಂದು ಸ್ಟವ್ ಮಾತ್ರ. ಅದರ ಜೊತೆಗೂ ನಾನು ಮಾತಾಡುವುದು ಬೈಯುವಾಗ ಮಾತ್ರ.

ಒಂದು ದಿನ ಗಂಡ ಹೆಂಡತಿ ಅಂಗಡಿಗೆ ಬಂದರು. ನನ್ನ ಜೊತೆ ತೆಲುಗಿನಲ್ಲಿ ವ್ಯವಹಾರ ಮಾಡುತ್ತಿದ್ದ ಆ ಹೆಣ್ಣುಮಗಳು ಗಂಡನ ಕಡೆ ತಿರುಗಿ, “ಈ ಮುದುಕ ಒಂದ್ ಪೈಸಾನೂ ಬಿಡಂಗ ಕಾಣೂದಿಲ್ರಿ, ನಡೀರಿ ಹೋಗೂಣು” ಅಂದಳು.

“ಮುದುಕ ಬಿಡೂದಿಲ್ಲವ್ವಾ, ಹೋಗಾಕೂ ಬಿಡೂದಿಲ್ಲ, ಕೂಡ್ರಿ” ಅಂದೆ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಇನ್ನೊಂದು ತೋರಿಸಿರೆಂದಾಗ ಮಾತ್ರ, ಮಡಚಿದ ಮೇಲೆ ಮಾತಿಲ್ಲವೆಂದು ಜಬರಿಸಿದೆ. ಹೆಸರು ಸರೋಜಾ. ಗಂಡ ಮಲ್ಲಿಕಾರ್ಜುನ, ಚಿತ್ತಾಪುರದ ಕಡೆಯವನು, ಸಿಕಂದರಾಬಾದಿನಲ್ಲಿ ಒಂದು ಕೋಣೆ ಹಿಡಿದು ವೆಬ್‌ಸೈಟ್ ಮಾಡುತ್ತಿದ್ದ. ಊರಿಗೆಲ್ಲ ಕಂಪ್ಯೂಟರ್ ಜ್ವರ ಹಿಡಿದಿದ್ದ ಕಾಲ ಅದು. ನನ್ನ ಪಕ್ಕದ ಚಪ್ಪಲಿ ಅಂಗಡಿಯವನೂ ಬೋರ್ಡಿನ ಮೇಲೆ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಎಂದು ಬರೆಸಿಬಿಟ್ಟಿದ್ದ. ನಾನು ಬಿಡುವೆನೇ? ಅಲ್ಲೇ ಮಾತು ಮುಗಿಸಿದೆ, ಷರತ್ತನ್ನೂ ಸೇರಿಸಿದೆ.

ಅಂಗಡಿಗೆ ಗುರುವಾರ ರಜೆ. ಮೊದಲ ಗುರುವಾರ ಹೋದಾಗ ಮಲ್ಲಿಕಾರ್ಜುನ ಪುಟ ತೋರಿಸಿದ. ಮೇಲ್ಗಡೆ ಒಂದು ಅಡ್ಡ ಪಟ್ಟಿ, ಅದರ ಮೇಲೆ ‘ಮುಖಪುಟ, ಬಟ್ಟೆಗಳು, ವಿಳಾಸ’ ಎಂದು ಒತ್ತುವ ಜಾಗಗಳು. ಅದಕ್ಕೆ ಮೆನು ಅನ್ನುತ್ತಾರಂತೆ. ಪಟ್ಟಿಯ ಹಿಂದೆ ಮೇಲೆ ಗಾಢ ನೀಲಿ, ಕೆಳಗೆ ಬರುತ್ತ ತಿಳಿ ನೀಲಿ. ನಮ್ಮ ಭಾಷೆಯಲ್ಲಿ ಶೇಡೆಡ್. ಶೇಡೆಡ್ ಸೀರೆಗೆ ರವಿಕೆ ಹೊಂದಿಸುವಷ್ಟು ಕಷ್ಟ ಇನ್ನೊಂದಿಲ್ಲ, ಮೇಲಿನ ಬಣ್ಣಕ್ಕೆ ಹೊಂದಿಸಿದರೆ ಕೆಳಗಿನದು ಮುನಿಯುತ್ತದೆ. ನೀಲಿ ಬ್ಯಾಂಕಿನವರಿಗಾಯಿತು, ನನಗೆ ಮೇಲೆ ಬದನೆಕಾಯಿ, ಕೆಳಗೆ ಈರುಳ್ಳಿ ಸಿಪ್ಪೆಯ ಬಣ್ಣ ಬೇಕು ಎಂದು ಜೇಬಿನಿಂದ ಎರಡು ತುಂಡು ತೆಗೆದೆ.

“ಕಾಕಾ, ವೆಬ್‌ಸೈಟ್ ಮಾಡಸಾಕತ್ತೀರೋ, ಪಲ್ಯಾ ಮಾಡಸಾಕತ್ತೀರೋ?” ಅಂದ.

ಆದರೆ ಮಾಡಿದ. ಆ ಪಟ್ಟಿಯ ಅಸಲು ಚಿತ್ರ ದಾರದ ಎಳೆಯಷ್ಟೇ ಅಗಲವಂತೆ. ಕಂಪ್ಯೂಟರು ಅದನ್ನೇ ಪಕ್ಕಪಕ್ಕಕ್ಕೆ ಇಡುತ್ತಾ ಹೋಗಿ ಅಗಲ ಮಾಡುತ್ತದಂತೆ. “ಇಷ್ಟೇ ಇಷ್ಟಕ್ಕ ಅಷ್ಟು ಕೇಳಿದ್ಯೇನಪಾ?” ಅಂದೆ. “ನೀವೂ ದಾರಾ ಮಾರ್ತೀರಲ್ರಿ, ತೂಕಾ ಮಾಡಿ ರೊಕ್ಕಾ ತಗೋತೀರೇನು?” ಎಂದು ಬಾಯಿ ಮುಚ್ಚಿಸಿದ. ನನ್ನ ಬಾಯಿ ಮುಚ್ಚಿಸಿದವರು ಮಲ್ಕಾಜ್‌ಗಿರಿಯಲ್ಲಿ ಕಡಿಮೆ. ಅವತ್ತು ಮೇಲಿನ ಬಣ್ಣವೂ ಕೆಳಗಿನ ಬಣ್ಣವೂ ಸರಿಯಿದ್ದು, ನಡುವೆ ಮಾತ್ರ ಒಲೆಯ ಬೂದಿಯ ಹಾಗೆ ಮಬ್ಬು ಬಿತ್ತು.

ಮುಂದಿನ ಗುರುವಾರ ಮಬ್ಬು ಹೋಗಿತ್ತು. ನಾನು ಅಭ್ಯಾಸಬಲದಿಂದ, “ಇದನ್ನ ತುಸು ಬಿಸಲಿಗೆ ತಗೊಂಡ್ ನಡಿ” ಅಂದೆ. ಮಲ್ಲಿಕಾರ್ಜುನ ನನ್ನನ್ನೂ ಆ ಭಾರೀ ಮಾನಿಟರನ್ನೂ ನೋಡಿದ, ಏನನ್ನಿಸಿತೋ, ವೈರು ಎಳೆದಷ್ಟು ದೂರ ಕಿಟಕಿಯ ತನಕ ಹೊತ್ತು ತಂದ. ಬಿಸಿಲು ಬಿದ್ದದ್ದೇ ಬದನೆಕಾಯಿಯೂ ಇಲ್ಲ, ಈರುಳ್ಳಿಯೂ ಇಲ್ಲ. ಗಾಜಿನಲ್ಲಿ ನನ್ನ ಮುಖವೊಂದೇ ಕಂಡಿತು. ಅದಕ್ಕೆ ಹೊಂದುವಂಥದ್ದು ಪಕ್ಕದಲ್ಲಿ ಏನೂ ಇರಲಿಲ್ಲ. ಮತ್ತೆ ನೆರಳಿಗೆ ತಂದಾಗ ಪಟ್ಟಿ ಬಂತು, ನನ್ನ ತುಂಡುಗಳನ್ನು ಕತ್ತರಿಸಿ ಅಂಟಿಸಿದ ಹಾಗೆ ಬಂತು. ಅಷ್ಟರಲ್ಲಿ ಸರೋಜಾ ಕಟ್ಟಿಕೊಟ್ಟ ಡಬ್ಬಿ ತೆಗೆದು ಅವನು, “ಪುಂಡಿಪಲ್ಯಾ ಐತಿ, ಉಣ್ಣೂಣು ಬರ್ರಿ ಕಾಕಾ” ಅಂದ. ಈ ಊರಿಗೆ ಬಂದಾಗಿನಿಂದ ಅದನ್ನು ಗೋಂಗೂರ ಎಂದೇ ತಿಂದವನು ನಾನು. ಉಂಡು ಕೈತೊಳೆದು ಬಂದೆ. “ಏನಂತೀರಿ, ಬಣ್ಣ ಆತಲ್ಲ?” ಎಂದು ಕೇಳಿದ.

ಆತು ಎಂದರೆ ಮುಗಿಯಿತು. ಮುಂದಿನ ಗುರುವಾರ ಬಾಗಿಲು ಹಾಕಿದ ನನ್ನ ಅಂಗಡಿಯ ಮುಂದೆ ನಾನೇ ನಿಂತುಕೊಂಡು, ಮುಚ್ಚಿದೆಯೋ ಇಲ್ಲವೋ ಎಂದು ಬೀಗ ಎಳೆದು ನೋಡುವುದು.

“ತುಸು ಕಪ್ಪಾತು” ಅಂದೆ.

ಹೀಗೆ ತುಸು ಕಪ್ಪಾಯಿತು, ತುಸು ಬಿಳಿಚಿತು, ಅಕ್ಷರ ಮುಳುಗಿದವು, ಅಕ್ಷರ ತೇಲಿದವು. ಮಳೆಗಾಲ ಹೋಗಿ ಚಳಿ ಬಂತು. ಮಲ್ಲಿಕಾರ್ಜುನ ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಅವನ ಕಷ್ಟಕ್ಕೆಲ್ಲ ನಾನು ಸಲಹೆ ಕೊಟ್ಟೆ, ಕಷ್ಟವಿಲ್ಲದ ವಿಷಯಕ್ಕೂ ಕೊಟ್ಟೆ. ಷರತ್ತು ಹಾಕಿದ ನನ್ನ ಜಾಣತನಕ್ಕೆ ನಾನೇ ಒಳಗೊಳಗೆ ಬೀಗುತ್ತಿದ್ದೆ: ಪಾಪದ ಹುಡುಗ, ಸಿಕ್ಕಿಬಿದ್ದ!

ಒಂದು ಗುರುವಾರ ಕೋಣೆಯಲ್ಲಿ ಅರ್ಧ ಸಾಮಾನು ಕಟ್ಟಿಟ್ಟಿತ್ತು. ದೊಡ್ಡ ಕಂಪನಿಯಲ್ಲಿ ನೌಕರಿ ಸಿಕ್ಕಿತಂತೆ, ಊರಿನ ಇನ್ನೊಂದು ತುದಿಗೆ, ಪಟಾನ್‌ಚೆರು ಕಡೆ ಮನೆ ಮಾಡಿದ್ದಾನಂತೆ. “ಇವತ್ತು ಬಣ್ಣ ಒಪ್ಪಿಬಿಡ್ರಿ ಕಾಕಾ” ಅಂದ.

“ಒಪ್ಪೀನಿ. ಎರಡನೇ ಗುರುವಾರ ಮಾಡಿದ್ದಿಯಲ್ಲ, ಅದನ್ನ ಹಾಕು.”

“ಅದನ್ನ ಹಾಕೀನ್ರಿ, ಆವತ್ತಽ.”

ನಾನು ಅವನ ಮುಖ ನೋಡಿದೆ.

“ಪುಂಡಿಪಲ್ಯಾ ಉಣ್ಣಾಕ ಏಳೂ ಮುಂದ ಎರಡೂ ತುಂಡು ಮಡಚಿ ಕಿಸೇದಾಗ ಇಟ್ಕೊಂಡ್ರಿ. ಮಡಚಿದ ಮ್ಯಾಲ ನಿಮ್ಮ ಅಂಗಡ್ಯಾಗ ಮಾತಿಲ್ಲಂತ ನಮ್ಮಾಕಿಗೆ ಜಬರಿಸಿದ್ರಲ್ರಿ, ಮರೀತೀನೇನು?” ಎಂದು ವೈರು ಸುತ್ತತೊಡಗಿದ. “ಗುರುವಾರ ನನಗೂ ಬ್ಯಾರೆ ಕೆಲಸ ಇರ್ತಿದ್ದಿಲ್ಲ ಬಿಡ್ರಿ” ಎಂದೂ ಸೇರಿಸಿದ. ಸುಳ್ಳು. ಮೇಜಿನ ತುಂಬ ಕೆಲಸವಿರುತ್ತಿತ್ತು, ನಾನೇ ನೋಡಿದ್ದೇನೆ.

ಆಮೇಲಿನ ಗುರುವಾರಗಳ ಬಗ್ಗೆ ಬರೆಯುವಂಥದ್ದೇನಿಲ್ಲ. ಬೀಗ ಗಟ್ಟಿಯಾಗಿಯೇ ಇತ್ತು. ವೆಬ್‌ಸೈಟ್ ನೋಡಿ ಒಬ್ಬಳೂ ಬಟ್ಟೆ ಕೊಳ್ಳಲಿಲ್ಲ; ಬಿಸಿಲಿಗೆ ಹಿಡಿಯದೆ ಯಾರು ಕೊಳ್ಳುತ್ತಾರೆ? ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ನಾನೇ ಆ ಪಟ್ಟಿಯನ್ನು ನೋಡಿ ಬರುತ್ತಿದ್ದೆ.

ಯುಗಾದಿಯ ಹೊತ್ತಿಗೆ ಸರೋಜಾಳ ಫೋನು ಬಂತು. ಹಸಿರು ಶೇಡೆಡ್ ಸೀರೆಗೆ ರವಿಕೆ ಬೇಕಂತೆ, ಆ ಕಡೆ ಯಾರಿಗೂ ಹೊಂದಿಸಲು ಬರುವುದಿಲ್ಲವಂತೆ. ಗುರುವಾರ ಎರಡು ಬಸ್ಸು ಬದಲಿಸಿ ಹೋದೆ. ಉಂಡಾದ ಮೇಲೆ ಬಾಗಿಲಾಚೆ ಬಿಸಿಲಿನಲ್ಲಿ ತುಂಡನ್ನು ಸೀರೆಯ ಮೇಲಿಟ್ಟೆ. ಎಲ್ಲಿ ಸೀರೆ, ಎಲ್ಲಿ ತುಂಡು ಎಂದು ಹೇಳಲಾಗದ ಹಾಗೆ ಕೂತಿತು. ಸರೋಜಾ ಬಗ್ಗಿ ನೋಡಿದಳು.

“ತುಸು ಕಪ್ಪಾತಲ್ರಿ ಕಾಕಾ. ಮುಂದಿನ ಗುರುವಾರ ಇನ್ನೊಂದು ತರ್ರಿ” ಅಂದಳು. ಅನ್ನುತ್ತಲೇ ಅವಳ ಕೈ ಆ ತುಂಡನ್ನು ಮಡಚುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ನಾನು ರಸ್ತೆಯವರನ್ನೆಲ್ಲ ಕರೆದು ಪಂಚಾಯಿತಿ ಮಾಡಿಸುತ್ತಿದ್ದೆ. “ಹೌದವ್ವಾ, ತುಸು ಕಪ್ಪಽ ಐತಿ” ಅಂದೆ. ನನ್ನ ಸರಕಿಗೆ ನಾನೇ ಕುಂದು ಹೇಳಿದ್ದು ವ್ಯಾಪಾರಕ್ಕೆ ಕೂತಮೇಲೆ ಅದೇ ಮೊದಲು.